ಟೈಲ್ಸ್‌ಗೆ ಮುನ್ನ 37 ದಿನ: ಮಹಡಿಯ ಬಚ್ಚಲಿಗೆ ಮಾಡಿಸಿದ ವಾಟರ್‌ಪ್ರೂಫಿಂಗ್ ಕೆಲಸ ಹೇಗಿದೆ?

ಶಿವಮೊಗ್ಗದ ನಮ್ಮ ಮನೆಯನ್ನು ಕಟ್ಟಿಸಿದ್ದು 1994ರಲ್ಲಿ. ಮಹಡಿಯ ಬಚ್ಚಲುಮನೆಯ ನೇರ ಕೆಳಗೆ ಊಟದ ಕೋಣೆಯಿದೆ. ಕೆಲವು ವರ್ಷಗಳ ಹಿಂದೆ ಆ ಕೋಣೆಯ ಚಾವಣಿಯಲ್ಲಿ ಚಪಾತಿಯಷ್ಟಗಲದ ಕಂದು ಕಲೆಯೊಂದು ಕಾಣಿಸಿಕೊಂಡಿತು. ಮೂರನೆಯ ಮಳೆಗಾಲದ ಹೊತ್ತಿಗೆ ಅದು ಬಾಳೆ ಎಲೆಯಷ್ಟಾಗಿ, ಬಣ್ಣವೆಲ್ಲ ಹಪ್ಪಳದಂತೆ ಉಬ್ಬಿ, ಊಟಕ್ಕೆ ಕುಳಿತವರ ತಟ್ಟೆಗೇ ಉದುರತೊಡಗಿತು. ಮೊದಲು ಟೈಲ್ಸ್ ಸಂದುಗಳನ್ನು ಕೆರೆಸಿ ಬಿಳಿ ಸಿಮೆಂಟ್ ತುಂಬಿಸಿದೆವು. ಆರು ತಿಂಗಳು ಸುಮ್ಮನಿದ್ದ ಕಲೆ ಮತ್ತೆ ಚಿಗುರಿತು. ಆಮೇಲೆ ಅಂಗಡಿಯವರು ಹೇಳಿದರೆಂದು ಟೈಲ್ಸ್ ಮೇಲೆಯೇ ಬಳಿಯುವ ಬಣ್ಣವಿಲ್ಲದ ದ್ರಾವಣವನ್ನು ತಂದು ಬಳಿದೆವು. ಅದು ಆಷಾಢವನ್ನೂ ದಾಟಲಿಲ್ಲ. ಕೊನೆಗೆ 2024ರ ಫೆಬ್ರುವರಿಯಲ್ಲಿ ನೆಲವನ್ನು ಪೂರ್ತಿ ಕಿತ್ತು, ವಾಟರ್‌ಪ್ರೂಫಿಂಗ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡ ಒಂದು ತಂಡಕ್ಕೆ ಗುತ್ತಿಗೆ ಕೊಟ್ಟೆವು. ಎರಡು ಮಳೆಗಾಲ ಕಳೆದ ಮೇಲೆ ಆ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕೆಲಸಕ್ಕೆ ಹತ್ತರಲ್ಲಿ ಎಂಟು ಅಂಕ, ಕೊಟ್ಟ ಮಾತಿಗೆ ಐದು ಅಂಕ ಎಂಬುದು ನನ್ನ ತೀರ್ಮಾನ. ಆ ಎಂಟು ಅಂಕಗಳಲ್ಲಿ ಹೆಚ್ಚಿನವು ಸಂದದ್ದು ಅವರು ಬಳಿದ ಸರಕಿಗಲ್ಲ, ಬಳಿಯುವ ಮುಂಚೆ ನೆಲಕ್ಕೆ ಮಾಡಿದ ಆರೈಕೆಗೆ. ಕಳೆದ ಎರಡು ಅಂಕಗಳು ಒಂದು ಕೊಳವೆಯ ಸುತ್ತಳತೆಯಷ್ಟು ಜಾಗದಲ್ಲಿ ಹೋದವು.

ಮೂವರನ್ನು ಕರೆಸಿ ದರ ಕೇಳಿದ್ದೆವು. ಮೊದಲಿಬ್ಬರು ಸೀದಾ ಮಹಡಿ ಹತ್ತಿ, ಬಚ್ಚಲನ್ನು ಟೇಪಿನಲ್ಲಿ ಅಳೆದು, ಚದರಡಿಗೆ ಇಷ್ಟೆಂದು ಹೇಳಿ ಹೋದರು. ಮೂರನೆಯವರು ಮಾತ್ರ ಊಟದ ಕೋಣೆಯಲ್ಲಿ ಏಣಿ ಹಾಕಿಸಿಕೊಂಡು ಕಲೆಯನ್ನು ಮುಟ್ಟಿ ನೋಡಿದರು. ನಾಲ್ಕು ದಿನ ಆ ಬಚ್ಚಲನ್ನು ಬಳಸಬೇಡಿ, ಆದರೆ ನಲ್ಲಿಗೆ ಬರುವ ನೀರನ್ನು ನಿಲ್ಲಿಸಬೇಡಿ ಎಂದರು. ಕಾರಣವನ್ನೂ ಬಿಡಿಸಿ ಹೇಳಿದರು: ಗೋಡೆಯೊಳಗಿನ ನೀರಿನ ಪೈಪ್ ಸೋರುತ್ತಿದ್ದರೆ ಯಾರೂ ಸ್ನಾನ ಮಾಡದಿದ್ದರೂ ಕಲೆ ಒದ್ದೆಯಾಗಿಯೇ ಇರುತ್ತದೆ, ನೆಲದಿಂದಲೋ ಹೊರಹೋಗುವ ಕೊಳವೆಯಿಂದಲೋ ಇಳಿಯುತ್ತಿದ್ದರೆ ಬಳಕೆ ನಿಂತಾಗ ಆರುತ್ತದೆ. ನಾಲ್ಕನೆಯ ದಿನ ಬಂದು ನೋಡಿದಾಗ ಕಲೆಯ ಅಂಚು ಒಣಗಿ ಒಳಕ್ಕೆ ಸರಿದಿತ್ತು. ಮೇಸ್ತ್ರಿಯವರು ಕಿವಿಯ ಮೇಲಿಟ್ಟುಕೊಂಡಿದ್ದ ಬಡಗಿಯ ಪೆನ್ಸಿಲನ್ನು ತೆಗೆದು ಆ ಅಂಚಿನ ಗುಂಟ ಗೆರೆ ಎಳೆದು, ಪಕ್ಕದಲ್ಲಿ ತಾರೀಖನ್ನೂ ಬರೆದರು. ಕೆಲಸವನ್ನು ಅವರಿಗೇ ಕೊಟ್ಟದ್ದು ಆ ಗೆರೆಯನ್ನು ನೋಡಿ. ಮುಂದೆ ಅದೇ ಗೆರೆ ಅವರ ವಿರುದ್ಧವೇ ಸಾಕ್ಷಿ ನುಡಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಟೈಲ್ಸ್ ಹಾಕಿದ ಮೇಲೆ ನೀರು ಎಲ್ಲಿಂದ ಇಳಿಯಬೇಕು ಎಂಬ ಪ್ರಶ್ನೆ ನನಗೂ ಇತ್ತು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡ 0.5ರಷ್ಟು ನೀರನ್ನೂ ಹೀರುವುದಿಲ್ಲವೆಂಬುದು ನಿಜ. ಆದರೆ ಎರಡು ಟೈಲ್ಸ್ ನಡುವಿನ ಸಂದಿನಲ್ಲಿರುವುದು ಸಿಮೆಂಟ್ ಗ್ರೌಟ್. ಅದು ನಿಧಾನವಾಗಿಯಾದರೂ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮೇಲಾಗಿ ನಮ್ಮಲ್ಲಿ ಸ್ನಾನವೆಂದರೆ ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾಡುವ ಸ್ನಾನವಲ್ಲ. ಬಕೆಟ್ ತುಂಬಿಸಿಕೊಂಡು, ಚೊಂಬಿನಿಂದ ಹೊಯ್ದುಕೊಂಡು, ಕೊನೆಗೆ ಉಳಿದ ಅರ್ಧ ಬಕೆಟ್ಟನ್ನು ನೆಲಕ್ಕೇ ಸುರಿದು ಬರುವುದು ರೂಢಿ. ಮೂವತ್ತು ವರ್ಷ ಹೀಗೆ ಇಳಿದ ನೀರು ಕೆಳಗೆ ಎಲ್ಲಿಗೆ ಹೋಗುತ್ತಿತ್ತೆಂಬುದು ನೆಲ ಕಿತ್ತ ದಿನ ತಿಳಿಯಿತು.

ಹಳೆಯ ಕಾಲದ ಮಹಡಿ ಬಚ್ಚಲುಗಳಂತೆ ನಮ್ಮದೂ ಸಂಕನ್ ಸ್ಲ್ಯಾಬ್, ಅಂದರೆ ಕೊಳವೆಗಳನ್ನು ಹುದುಗಿಸುವ ಸಲುವಾಗಿ ಸುತ್ತಲಿನ ನೆಲಕ್ಕಿಂತ ತಗ್ಗಿಸಿ ಹಾಕಿದ ಸ್ಲ್ಯಾಬ್. ನಮ್ಮ ತಗ್ಗಿನ ಆಳ ಒಂಬತ್ತು ಅಂಗುಲ. ಟೈಲ್ಸ್ ಎದ್ದ ಮೇಲೆ ಅದರಿಂದ ಹೊರಬಂದದ್ದು ಇಟ್ಟಿಗೆಯ ಚೂರು, ಮನೆ ಕಟ್ಟುವಾಗ ಬಿದ್ದ ಗಾರೆ, ಹೊಲದ ಮಣ್ಣು, ಒಂದು ಸಿಮೆಂಟ್ ಚೀಲದ ತುಂಡು. ಎಲ್ಲವೂ ನೆನೆದು ಕಪ್ಪಾಗಿ, ಬತ್ತಿದ ಕೆರೆಯಂಗಳದಂತೆ ನಾರುತ್ತಿತ್ತು. ತಗ್ಗಿನ ತಳದಲ್ಲಿ ಎರಡು ಬೆರಳಿನಷ್ಟು ನೀರು ನಿಂತೇ ಇತ್ತು. ಸೋರುತ್ತಿದ್ದದ್ದು ಬಚ್ಚಲಲ್ಲ, ಬಚ್ಚಲಿನ ಕೆಳಗೆ ನಾವು ತಿಳಿಯದೆ ಇಟ್ಟುಕೊಂಡಿದ್ದ ತೊಟ್ಟಿ ಎಂಬುದು ಆಗ ಅರ್ಥವಾಯಿತು. ಸಂದಿಗೆ ಬಿಳಿ ಸಿಮೆಂಟ್ ತುಂಬಿದಾಗ ಆರು ತಿಂಗಳು ಕಲೆ ಸುಮ್ಮನಿದ್ದದ್ದು ಏಕೆಂದೂ ಹೊಳೆಯಿತು: ತೊಟ್ಟಿ ಮತ್ತೆ ತುಂಬಿಕೊಳ್ಳಲು ಅಷ್ಟು ಕಾಲ ಬೇಕಾಗಿತ್ತು.

ಕಿತ್ತು ಹಾಕುವ ಕೆಲಸವನ್ನು ತಂಡದವರು ಎರಡು ದಿನದಲ್ಲಿ ಮುಗಿಸಿದರು. ಕಸವನ್ನು ಮಹಡಿಯಿಂದ ಚೀಲಗಳಲ್ಲಿ ಇಳಿಸಿದರು. ಮೆಟ್ಟಿಲಿಗೆ ಗೋಣಿತಾಟು ಹಾಸಿದ್ದರಿಂದ ರೆಡ್‌ಆಕ್ಸೈಡ್ ನೆಲಕ್ಕೆ ಒಂದು ಗೀರೂ ಬೀಳಲಿಲ್ಲ. ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆಯ ಪ್ಲಾಸ್ಟರನ್ನು ಅಡಿ ಅಡಿಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟನ್ನೂ ಕಿತ್ತರು. ಟೊಳ್ಳು ಪ್ಲಾಸ್ಟರಿನ ಮೇಲೆ ಏನು ಬಳಿದರೂ ಪ್ಲಾಸ್ಟರಿನ ಜೊತೆಗೇ ಅದೂ ಎದ್ದು ಬರುತ್ತದೆ. ಹಳೆಯ ಕಬ್ಬಿಣದ ಪೈಪುಗಳನ್ನು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳಿಗೆ ಬದಲಾಯಿಸಿ, ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಮಾಪಕದ ಮುಳ್ಳು ಎರಡು ಗಂಟೆ ಕದಲುವುದಿಲ್ಲವೆಂದು ತೋರಿಸಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಸ್ಲ್ಯಾಬಿನ ತಯಾರಿ ನಾನು ಅತಿ ಹೆಚ್ಚು ಮೆಚ್ಚಿಕೊಂಡ ಭಾಗ. ತಂತಿಯ ಬ್ರಷ್ಷಿನಿಂದ ತಿಕ್ಕಿ, ಸಡಿಲ ಗಾರೆಯನ್ನೆಲ್ಲ ಉಳಿಯಿಂದ ಎಬ್ಬಿಸಿ, ಎರಡು ಸಲ ತೊಳೆದು, ಫ್ಯಾನಿಟ್ಟು ಒಣಗಿಸಿದರು. ಕೂದಲೆಳೆಗಿಂತ ಅಗಲವಾದ ಬಿರುಕುಗಳನ್ನು ಆಂಗ್ಲ ಅಕ್ಷರದ ‘ವಿ’ ಆಕಾರದಲ್ಲಿ ಕೊರೆದು ಪಾಲಿಮರ್ ಬೆರೆಸಿದ ಗಾರೆಯನ್ನು ತುಂಬಿದರು. ಗೋಡೆಯೂ ನೆಲವೂ ಸೇರುವ ಮೂಲೆಯನ್ನು ಚೌಕವಾಗಿ ಬಿಡದೆ, ಸುತ್ತಲೂ ಒಂದೂವರೆ ಅಂಗುಲದಷ್ಟು ಗಾರೆಯನ್ನು ಓರೆಯಾಗಿ ತುಂಬಿ, ಕರಣೆಯಿಂದಲ್ಲದೆ ಒಂದು ಹಳೆಯ ಗಾಜಿನ ಬಾಟಲಿಯನ್ನು ಎಳೆದು ದುಂಡಗೆ ಮಾಡಿದರು. ಈ ಬಾಟಲಿಯ ಉಪಾಯ ನೋಡಲು ಆಟದಂತಿದ್ದರೂ ಅದರ ಹಿಂದೆ ಕಾರಣವಿದೆ. ಚೌಕ ಮೂಲೆಯಲ್ಲಿ ಬ್ರಷ್ಷಿನ ಕೂದಲು ಒಳತನಕ ಮುಟ್ಟುವುದಿಲ್ಲ; ಮುಟ್ಟಿದರೂ ಲೇಪ ಅಲ್ಲಿ ತೆಳುವಾಗುತ್ತದೆ. ಗೋಡೆ ಮತ್ತು ಸ್ಲ್ಯಾಬ್ ಬಿಸಿಲಿಗೆ ಚಳಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದೂ ಅದೇ ಮೂಲೆಯಲ್ಲಿ. ಹಾಗಾಗಿ ಮೊದಲ ಕೋಟ್ ಹಸಿಯಿರುವಾಗಲೇ ಮೂಲೆಯ ಉದ್ದಕ್ಕೂ ಅಂಗೈಯಗಲದ ಫೈಬರ್ ಜಾಲರಿಯನ್ನು ಒತ್ತಿ ಕೂರಿಸಿದರು.

ಬಳಿದ ಸರಕು ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಮಾಡುವ ಪಾಲಿಮರ್ ಸಿಮೆಂಟ್ ಲೇಪ. ಈ ಬಗೆಯ ಸರಕನ್ನು ಹಲವು ಕಂಪನಿಗಳು ಮಾರುತ್ತವೆ, ಡಾ. ಫಿಕ್ಸಿಟ್‌ನ ಪಿಡಿಫಿನ್ 2ಕೆ, ಫಾಸ್ರಾಕ್‌ನ ಬ್ರಷ್‌ಬಾಂಡ್ ಮುಂತಾದವು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುತ್ತವೆ. ಯಾವ ಕಂಪನಿಯದು ಮೇಲೆಂಬ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಅಂಗಡಿಗೆ ಹೋಗುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಗಾರೆ ಕಲಸುವಾಗ ಸಿಮೆಂಟ್ ಚೀಲಕ್ಕೆ ಇಷ್ಟು ಮಿಲಿಲೀಟರ್ ಎಂದು ಸೇರಿಸುವ ದ್ರವ ಬೇರೆ, ನೆಲದ ಮೇಲೆ ಪೊರೆಯಂತೆ ಕೂರುವ ಲೇಪ ಬೇರೆ. ಮೊದಲಿನದಕ್ಕೆ ಭಾರತೀಯ ಮಾನಕ ಸಂಖ್ಯೆ ಐಎಸ್ 2645. ಅದು ಗಾರೆಯ ಹೀರುವ ಗುಣವನ್ನು ತಗ್ಗಿಸುತ್ತದೆಯೇ ಹೊರತು ಬಿರುಕಿಗೆ ಅಡ್ಡ ನಿಲ್ಲುವುದಿಲ್ಲ. ನಮ್ಮ ಮನೆಗೆ ಬಂದ ಮೊದಲ ಇಬ್ಬರಲ್ಲಿ ಒಬ್ಬರು ಕಡಿಮೆ ದರ ಹೇಳಿದ್ದು ಅದನ್ನೇ ವಾಟರ್‌ಪ್ರೂಫಿಂಗ್ ಎಂದು ಕರೆದು.

ಲೇಪದ ಲೆಕ್ಕವನ್ನು ನಾನೇ ಹಾಕಿದೆ. ಬಚ್ಚಲು 8 ಅಡಿಗೆ 5 ಅಡಿ. ತಗ್ಗಿನ ತಳ ಮತ್ತು ಸುತ್ತಲಿನ ಬದಿ ಸೇರಿ 60 ಚದರಡಿ. ತಗ್ಗು ತುಂಬಿದ ಮೇಲೆ ಮತ್ತೆ ಲೇಪ ಬಳಿಯಬೇಕಾದ ಮೇಲಿನ ನೆಲ, ಸುತ್ತಲೂ ಗೋಡೆಗೆ ಒಂದು ಅಡಿ, ಸ್ನಾನದ ಮೂಲೆಯಲ್ಲಿ ಆರು ಅಡಿ ಎತ್ತರ, ಇವಿಷ್ಟೂ ಸೇರಿ ಹೆಚ್ಚು ಕಡಿಮೆ 104 ಚದರಡಿ. ಒಟ್ಟು 164 ಚದರಡಿ ಎಂದರೆ ಸುಮಾರು 15 ಚದರ ಮೀಟರ್. ಎರಡು ಕೋಟ್ ಲೇಪಕ್ಕೆ ಚದರ ಮೀಟರಿಗೆ ಒಂದೂವರೆಯಿಂದ ಎರಡು ಕಿಲೋ ಬೇಕಾಗುವುದರಿಂದ 23ರಿಂದ 30 ಕಿಲೋ ಸರಕು ಖರ್ಚಾಗಬೇಕು. ತಂಡದವರು ತಂದಿದ್ದದ್ದು 15 ಕಿಲೋದ ಒಂದೇ ಸೆಟ್. ಕೇಳಿದಾಗ ‘ಸಾಕಾಗುತ್ತೆ ಸರ್, ನಾವು ದಿನಾ ಮಾಡೋರಲ್ವಾ’ ಎಂಬ ಉತ್ತರ ಬಂತು. ಲೆಕ್ಕದ ಚೀಟಿಯನ್ನು ಮುಂದಿಟ್ಟ ಮೇಲೆ ಇನ್ನೊಂದು ಸೆಟ್ ಬಂತು. ಸಾಕಾಗದ ಸರಕನ್ನು ಸಾಕು ಮಾಡಲು ಇರುವ ದಾರಿ ಒಂದೇ, ನೀರು ಬೆರೆಸುವುದು. ನೀರು ಬೆರೆತ ಲೇಪ ಸಲೀಸಾಗಿ ಹರಡುತ್ತದೆ, ನೋಡಲೂ ಚೆನ್ನಾಗಿರುತ್ತದೆ, ಒಣಗಿದ ಮೇಲೆ ಉಗುರಿಗೆ ಪುಡಿಯಾಗಿ ಬರುತ್ತದೆ. ಕೆಲಸ ಮುಗಿದ ದಿನ ಖಾಲಿ ಡಬ್ಬಿ, ಖಾಲಿ ಚೀಲಗಳನ್ನು ಎಣಿಸುವುದು ಮನೆಯವರಿಗೆ ಸಾಧ್ಯವಿರುವ ಅತಿ ಸುಲಭದ ತಪಾಸಣೆ.

ಕಲಸಿದ ರೀತಿಗೆ ಮಾತ್ರ ಪೂರ್ತಿ ಅಂಕ ಕೊಡಬೇಕು. ದ್ರವವನ್ನು ಮೊದಲು ಬಕೆಟ್ಟಿಗೆ ಸುರಿದು, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ, ಡ್ರಿಲ್ಲಿಗೆ ಸಿಕ್ಕಿಸಿದ ಕಡಗೋಲಿನಂಥ ಕಂಬಿಯಿಂದ ನಿಧಾನ ವೇಗದಲ್ಲಿ ತಿರುಗಿಸಿದರು. ರಾಗಿಮುದ್ದೆ ಮಾಡಿ ಗೊತ್ತಿದ್ದವರಿಗೆ ಗಂಟಾಗದಂತೆ ಕಲಸುವ ಕಷ್ಟವನ್ನು ಹೇಳಬೇಕಾಗಿಲ್ಲ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಬಳಿದು ಮುಗಿಸುವಷ್ಟೇ ಒಂದು ಸಲಕ್ಕೆ ಮಾಡಿಕೊಂಡರು. ಬಳಿಯುವ ಮುನ್ನ ನೆಲಕ್ಕೆ ನೀರು ಚಿಮುಕಿಸಿ, ನಿಂತ ನೀರನ್ನು ಬಟ್ಟೆಯಿಂದ ಹೀರಿ, ನೆಲ ತಣ್ಣಗಿರಬೇಕು ಆದರೆ ಹೊಳೆಯಬಾರದು ಎಂಬ ಹದಕ್ಕೆ ತಂದರು. ಒಣ ಕಾಂಕ್ರೀಟಿನ ಮೇಲೆ ಬಳಿದರೆ ಅದು ಲೇಪದ ನೀರನ್ನು ಕುಡಿದುಬಿಡುತ್ತದೆ. ನಿಂತ ನೀರಿನ ಮೇಲೆ ಬಳಿದರೆ ಲೇಪ ಅಂಟುವುದಿಲ್ಲ. ಮೊದಲ ಕೋಟ್ ಉದ್ದಕ್ಕೆ, ಆರು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಹಾಗೆ ಮಾಡಿದರೆ ಮೊದಲಿನದರಲ್ಲಿ ತಪ್ಪಿದ ಸೂಜಿತೂತುಗಳು ಎರಡನೆಯದರಲ್ಲಿ ಮುಚ್ಚುತ್ತವೆ.

ಮೂರು ದಿನ ಒಣಗಲು ಬಿಟ್ಟು, ಸೋರುತ್ತದೆಯೇ ಎಂದು ನೋಡಲು ತಗ್ಗಿಗೆ ನೀರು ಕಟ್ಟಿದರು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿ, ಊಟದ ಕೋಣೆಯ ಮೇಜನ್ನು ನಾವು ಬದಿಗೆ ಸರಿಸಿದೆವು. ಬೆಳಿಗ್ಗೆ ಹತ್ತಕ್ಕೆ ಕಟ್ಟಿದ ನೀರು. ರಾತ್ರಿ ಒಂಬತ್ತಕ್ಕೆ ಊಟ ಬಡಿಸುತ್ತಿದ್ದಾಗ ನನ್ನ ತಾಯಿ ತಲೆ ಎತ್ತಿ ನೋಡಿ, ‘ಆ ಪೆನ್ಸಿಲ್ ಗೆರೆಯಿಂದ ಆಚೆಗೆ ತೇವ ಬಂದಿದೆಯಲ್ಲೋ’ ಎಂದರು. ಹೊರಗೋಡೆಯ ಕಡೆಗೆ ನಾಲ್ಕು ಬೆರಳಿನಷ್ಟು ಜಾಗ ಹೊಸದಾಗಿ ನೆನೆದಿತ್ತು. ಫೋನ್ ಮಾಡಿದಾಗ ಮೇಸ್ತ್ರಿಯವರು, ‘ಹಳೇ ತೇವ ಸರ್ ಅದು, ಸ್ಲ್ಯಾಬಲ್ಲಿ ಕೂತಿರುತ್ತೆ, ಒಂದು ವಾರ ಬಿಟ್ರೆ ಆರುತ್ತೆ’ ಎಂದರು. ಮರುದಿನ ಬಂದವರಿಗೆ ಏಣಿ ಹಾಕಿಕೊಟ್ಟು, ಅವರೇ ಬರೆದ ತಾರೀಖನ್ನೂ ಅವರೇ ಎಳೆದ ಗೆರೆಯನ್ನೂ ತೋರಿಸಿದೆ. ಅರ್ಧ ನಿಮಿಷ ಏನೂ ಮಾತಾಡದೆ ಕೆಳಗಿಳಿದು, ನೀರು ಬಿಡಲು ಹುಡುಗನಿಗೆ ಹೇಳಿದರು. ಪೆನ್ಸಿಲ್ ಗೆರೆಯಿಲ್ಲದಿದ್ದರೆ ನಾನು ಅವರ ಮಾತನ್ನು ನಂಬಿ, ತಗ್ಗನ್ನು ತುಂಬಿಸಿ, ಟೈಲ್ಸ್ ಕೂರಿಸಿಬಿಡುತ್ತಿದ್ದೆ.

ತಪ್ಪು ಆಗಿದ್ದದ್ದು ಹೊರಗೋಡೆಯನ್ನು ತೂರಿ ಹೋಗುವ ಪಿವಿಸಿ ಕೊಳವೆಯ ಸುತ್ತ. ಕೊಳವೆಯ ಸುತ್ತಲಿನ ತೂತಿಗೆ ಗಾರೆ ಮೆತ್ತಿ, ಅದರ ಮೇಲೆ ಎರಡು ಕೋಟ್ ಲೇಪವನ್ನೂ ಬಳಿದಿದ್ದರು. ನೋಡಲು ಒಂದು ಲೋಪವೂ ಇರಲಿಲ್ಲ. ಆದರೆ ಪಿವಿಸಿ ನುಣುಪು. ಗಾರೆ ಅದಕ್ಕೆ ಕಚ್ಚುವುದಿಲ್ಲ. ಒಣಗುತ್ತಾ ಗಾರೆ ಒಂದಿಷ್ಟು ಕುಗ್ಗಿ, ಕೊಳವೆಗೂ ಅದಕ್ಕೂ ನಡುವೆ ಕಾಗದದಷ್ಟು ತೆಳುವಾದ ಸಂದು ಬಿಟ್ಟುಕೊಂಡಿತ್ತು. ಲೇಪ ಆ ಸಂದಿನ ಮೇಲೆ ಸೇತುವೆಯಂತೆ ನಿಂತು, ಯಾರೋ ಕೊಳವೆಯನ್ನು ತುಳಿದಾಗ ಸೀಳಿತ್ತು. ಗಾರೆಯನ್ನೆಲ್ಲ ಕಿತ್ತು, ಕೊಳವೆಯನ್ನು ಮರಳುಕಾಗದದಿಂದ ತಿಕ್ಕಿ, ಪೈಪ್ ಜೋಡಿಸುವ ಸಾಲ್ವೆಂಟ್ ಸಿಮೆಂಟ್ ಬಳಿದು, ಅದು ಹಸಿಯಿರುವಾಗಲೇ ಒಣ ಮರಳನ್ನು ಮುಷ್ಟಿಯಿಂದ ಎರಚಿದರು. ಹತ್ತು ನಿಮಿಷದಲ್ಲಿ ಕೊಳವೆಯ ಮೈ ಎಳ್ಳುಂಡೆಯಂತೆ ತರಿತರಿಯಾಯಿತು. ಆಮೇಲೆ ಕುಗ್ಗದ ಗ್ರೌಟನ್ನು ತುಂಬಿ, ಸುತ್ತಲೂ ಜಾಲರಿ ಸುತ್ತಿ, ಮತ್ತೆ ಎರಡು ಕೋಟ್ ಕೊಟ್ಟರು. ಇಷ್ಟು ಚೆನ್ನಾಗಿ ಗೊತ್ತಿರುವ ಕೆಲಸವನ್ನು ಮೊದಲ ಸಲ ಏಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, ಆ ದಿನ ಪ್ಲಂಬರ್ ಬೇಗ ಹೋಗಬೇಕೆಂದು ಅವನೇ ಗಾರೆ ಮೆತ್ತಿದ್ದನೆಂದರು. ಪ್ಲಂಬರ್ ಮತ್ತು ಲೇಪದವರು ಬೇರೆ ಬೇರೆಯಾದಾಗ ಕೊಳವೆಯ ಸುತ್ತಲಿನ ಒಂದು ಅಂಗುಲ ಯಾರ ಪಾಲಿಗೂ ಸೇರುವುದಿಲ್ಲ. ಎರಡನೆಯ ಸಲ ಕಟ್ಟಿದ ನೀರು ಮೂರು ಹಗಲು ಮೂರು ರಾತ್ರಿ ನಿಂತಿತು. ಕಲೆ ಅಲುಗಲಿಲ್ಲ.

ತಗ್ಗಿನ ತಳದಿಂದ ಹೊರಗೋಡೆಗೆ ಒಂದಂಗುಲದ ಇನ್ನೊಂದು ಕೊಳವೆಯನ್ನೂ ಬಿಟ್ಟಿದ್ದರು. ಮೇಲಿನ ಪೊರೆ ಎಂದಾದರೂ ಹರಿದು ನೀರು ತಗ್ಗಿಗೆ ಇಳಿದರೆ, ಅದು ಅಲ್ಲೇ ಕೊಳೆಯದೆ ಈ ಕೊಳವೆಯಿಂದ ಹೊರಗೆ ತೊಟ್ಟಿಕ್ಕಿ ನಮಗೆ ಸುದ್ದಿ ಮುಟ್ಟಿಸುತ್ತದೆ. ಬೆಲೆ ಇನ್ನೂರು ರೂಪಾಯಿಯೂ ಆಗದ ಈ ತುಂಡು 1994ರಲ್ಲಿ ಇದ್ದಿದ್ದರೆ ನಮ್ಮ ಚಾವಣಿಗೆ ಈ ಗತಿ ಬರುತ್ತಿರಲಿಲ್ಲ.

ಇನ್ನು ತುಂಬುವ ಕೆಲಸ. ಹಳೆಯ ಕಸವನ್ನು ಮತ್ತೆ ತುಂಬಬಾರದೆಂದು ಮೊದಲೇ ಹೇಳಿದ್ದೆ. ನೆನೆಸಿದ ಇಟ್ಟಿಗೆ ತುಂಡುಗಳನ್ನು ಗಾರೆಯಲ್ಲಿ ಜೋಡಿಸಿ, ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಎಂ-ಸ್ಯಾಂಡ್ ಬೆರೆಸಿದ ಗಾರೆಯ ಹಾಸನ್ನು ಹಾಕಿದರು. ಇಲ್ಲಿ ನನಗೂ ಮೇಸ್ತ್ರಿಯವರಿಗೂ ಒಂದು ಗಂಟೆ ಚರ್ಚೆ ನಡೆಯಿತು. ನಮ್ಮ ಕಡೆ ನೀರು ಹೋಗುವ ವಾಟವನ್ನು ಕೊಡುವುದು ಟೈಲ್ಸ್ ಮೇಸ್ತ್ರಿಯ ಕೆಲಸವೆಂಬ ನಂಬಿಕೆಯಿದೆ. ಕೆಳಗಿನ ಹಾಸನ್ನು ಮಟ್ಟಸವಾಗಿ ಬಿಟ್ಟು, ಟೈಲ್ಸ್ ಕೂರಿಸುವ ಗಾರೆಯನ್ನೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಮಾಡಿ ಇಳಿಜಾರು ತರುತ್ತಾರೆ. ಆದರೆ ಗ್ರೌಟಿನ ಮೂಲಕ ಇಳಿಯುವ ನೀರು ನಿಲ್ಲುವುದು ಟೈಲ್ಸ್ ಮೇಲಲ್ಲ, ಅದರ ಕೆಳಗಿನ ಪೊರೆಯ ಮೇಲೆ. ಪೊರೆ ಮಟ್ಟಸವಾಗಿದ್ದರೆ ಆ ನೀರಿಗೆ ಹೋಗಲು ದಾರಿಯಿಲ್ಲ. ಗಾರೆಯಲ್ಲೇ ನೆನೆದು ಕುಳಿತು, ಟೈಲ್ಸ್ ಅಂಚಿನಲ್ಲಿ ಕಪ್ಪಾಗಿ, ವಾಸನೆಯಾಗಿ, ಸಂದಿನಲ್ಲಿ ಬಿಳಿ ಉಪ್ಪಾಗಿ ಮೇಲೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಸೋರಿಕೆ ಇಲ್ಲದಿದ್ದರೂ ಬಚ್ಚಲು ನಾರುವುದು ಇದರಿಂದಲೇ. ಹಾಗಾಗಿ ಇಳಿಜಾರು ಪೊರೆಯ ಕೆಳಗೇ ಸಿಗಬೇಕು, ಮತ್ತು ಪೊರೆ ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲಿನ ನೀರು ಹೊರಹೋಗುವ ಜಾಲರಿ ಕಂಡಿಯ, ಬಾಯೊಳಕ್ಕೆ ಇಳಿದು ಮುಗಿಯಬೇಕು. ಮೇಸ್ತ್ರಿಯವರು ಮೊದಲು ಗೊಣಗಿದರೂ, ಬಾಗಿಲಿನಿಂದ ಟ್ರ್ಯಾಪಿನವರೆಗಿನ ಏಳು ಅಡಿಗೆ ಒಂದಂಗುಲಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 80ಕ್ಕೆ 1ರ ಲೆಕ್ಕದಲ್ಲಿ, ದಾರ ಕಟ್ಟಿ ಇಳಿಜಾರು ಕೊಟ್ಟರು. ಹಾಸು ಗಟ್ಟಿಯಾದ ಮೇಲೆ ಒಂದು ಚೊಂಬು ನೀರು ಚೆಲ್ಲಿ ನೋಡಿದೆವು. ಕಮೋಡಿನ ಹಿಂದೆ ಅಂಗೈಯಗಲ ಒಂದು ಕಡೆ ಮಾತ್ರ ನಿಂತಿತು. ಅದನ್ನು ಉಜ್ಜಿ ಸರಿಮಾಡಿದರು.

ಹಾಸಿನ ಮೇಲೆ ಸಿಮೆಂಟ್ ಹಾಲು ಬಿಟ್ಟು ನುಣುಪು ಮಾಡಲು ಹೊರಟ ಹುಡುಗನನ್ನು ಮೇಸ್ತ್ರಿಯವರೇ ಗದರಿದ್ದು ನನಗೆ ಸಮಾಧಾನ ತಂದಿತು. ಲೇಪಕ್ಕೆ ಬೇಕಾದದ್ದು ಕನ್ನಡಿಯಂಥ ನೆಲವಲ್ಲ, ಮರದ ಉಜ್ಜುಹಲಗೆ ಆಡಿಸಿದ ತರಿ ನೆಲ. ಏಳು ದಿನ ನೀರು ಹಾಕಿ, ಎರಡು ದಿನ ಆರಲು ಬಿಟ್ಟು, ಮೇಲಿನ ಲೇಪವನ್ನು ಬಳಿದರು. ಇಲ್ಲಿ ಅವರು ಮರೆತು ನಾನು ನೆನಪಿಸಿದ ಜಾಗ ಹೊಸ್ತಿಲು. ಬಾಗಿಲಿನ ಕಟ್ಟಿನ ಕೆಳಗೆ ಪೊರೆ ನೆಲದ ಮಟ್ಟಕ್ಕೇ ನಿಂತರೆ, ಗಾರೆಯೊಳಗಿನ ನೀರು ಅಲ್ಲಿಂದ ಮಲಗುವ ಕೋಣೆಯ ನೆಲದಡಿಗೆ ಹೊರಳಿ, ಗೋಡೆಯ ಬುಡದ ಬಣ್ಣವನ್ನು ತಿನ್ನುತ್ತದೆ. ಗ್ರಾನೈಟ್ ಹೊಸ್ತಿಲ ಪಟ್ಟಿಯ ಒಳಬದಿಗೆ ಲೇಪವನ್ನು ಏರಿಸಿ ನಿಲ್ಲಿಸಿದ್ದರಿಂದ ಅಲ್ಲೊಂದು ಕಟ್ಟೆಯಾಯಿತು. ಮೇಲಿನ ಲೇಪಕ್ಕೂ ಎರಡು ದಿನ ನೀರು ಕಟ್ಟಿ ನೋಡಿದೆವು. ಆ ಸಲ ಮೇಸ್ತ್ರಿಯವರು ತಾವಾಗಿಯೇ ಏಣಿ ಹತ್ತಿ ಚಾವಣಿ ನೋಡಿಕೊಂಡು ಹೋದರು.

ಟೈಲ್ಸ್ ಕೆಲಸ ಬೇರೆಯವರದು. ಅದರ ವಿಮರ್ಶೆ ಇಲ್ಲಿ ಬೇಡ. ಲೇಪಕ್ಕೆ ಸಂಬಂಧಿಸಿದ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಸಿಮೆಂಟ್ ಹಾಲಿನ ಬದಲು ಐಎಸ್ 15477 ಮಾನಕದ ಟೈಲ್ಸ್ ಅಂಟನ್ನು ಹಲ್ಲು ಕರಣೆಯಿಂದ ತೆಳುವಾಗಿ ಹರಡಿಸಿದೆ. ನೀರು ಹೀರದ ವಿಟ್ರಿಫೈಡ್ ಟೈಲ್ಸ್‌ಗೆ ಸಿಮೆಂಟ್ ಹಾಲು ಸರಿಯಾಗಿ ಕಚ್ಚದಿರುವುದು ಒಂದು ಕಾರಣ. ಪೊರೆಯ ಮೇಲೆ ನೀರು ಕುಡಿಯುವ ದಪ್ಪ ಗಾರೆ ಇರಬಾರದೆಂಬುದು ಇನ್ನೊಂದು. ಎರಡನೆಯದು ಕಮೋಡ್. ನೆಲಕ್ಕೆ ಕೂರುವ ಕಮೋಡನ್ನು ಬಿಗಿಯಲು ಪ್ಲಂಬರ್ ನಾಲ್ಕು ತೂತು ಕೊರೆಯುತ್ತಾನೆ, ಮೂವತ್ತೇಳು ದಿನ ಕಾದು ಕೂರಿಸಿದ ಪೊರೆಗೆ ಎರಡು ನಿಮಿಷದಲ್ಲಿ ನಾಲ್ಕು ಬಾಯಿ ಬೀಳುತ್ತವೆ. ನಾವು ಗೋಡೆಗೆ ತೂಗುವ ಕಮೋಡನ್ನು ಮೊದಲೇ ಆರಿಸಿದ್ದರಿಂದ ಪಾರಾದೆವು. ತೂತು ಕೊರೆಯಲೇಬೇಕಾದವರು ಅದರೊಳಗೆ ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ತುಂಬಿಸಿ ಆಮೇಲೆ ಬೋಲ್ಟ್ ಇಳಿಸುವಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು.

ಹಣದ ವಿಚಾರ. ಲೇಪಕ್ಕೆ ಸರಕು ಮತ್ತು ಕೂಲಿ ಸೇರಿ ಚದರಡಿಗೆ 85 ರೂಪಾಯಿಯಂತೆ 13,940 ರೂಪಾಯಿ. ಕೀಳುವುದು, ಕಸ ಸಾಗಿಸುವುದು, ಕೊಳವೆ, ತುಂಬುವುದು, ಹಾಸು ಎಲ್ಲ ಬೇರೆ. ಲೇಪದ ದರ ನನಗೆ ದುಬಾರಿಯೆನಿಸಲಿಲ್ಲ. ದಿನದ ಲೆಕ್ಕದಲ್ಲಿ ಮಾತ್ರ ಅವರು ನಮ್ಮನ್ನು ದಾರಿ ತಪ್ಪಿಸಿದರು. ಹನ್ನೆರಡು ದಿನದಲ್ಲಿ ಟೈಲ್ಸ್‌ನವರಿಗೆ ನೆಲ ಬಿಟ್ಟುಕೊಡುತ್ತೇವೆಂದು ಹೇಳಿ ಕೊನೆಗೆ ಬಿಟ್ಟುಕೊಟ್ಟದ್ದು 37 ದಿನಕ್ಕೆ. ಇದರಲ್ಲಿ ಒಣಗಲು, ನೀರು ಕಟ್ಟಲು, ಹಾಸು ಗಟ್ಟಿಯಾಗಲು ಹೋದ ದಿನಗಳೇ ಇಪ್ಪತ್ತಕ್ಕೂ ಹೆಚ್ಚು. ಅವನ್ನು ಕಡಿತ ಮಾಡುವಂತಿಲ್ಲ. ಆದರೆ ಇವು ಬೇಕಾಗುತ್ತವೆಂದು ದಿನಾ ಇದೇ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿತ್ತು. ಸತ್ಯ ಹೇಳಿದರೆ ಗಿರಾಕಿ ಕೈ ತಪ್ಪುತ್ತಾನೆಂಬ ಭಯವಿದ್ದೀತು. ಹತ್ತು ವರ್ಷದ ವಾರಂಟಿ ಎಂದು ಕೊಟ್ಟ ಹಾಳೆಯೂ ಅಂಥದ್ದೇ: ಸೋರಿದರೆ ಲೇಪವನ್ನು ಮತ್ತೆ ಬಳಿದುಕೊಡುತ್ತಾರೆ, ಆದರೆ ಟೈಲ್ಸ್ ಕೀಳುವ, ಮತ್ತೆ ಕೂರಿಸುವ ಖರ್ಚು ನಮ್ಮದು. ನಿಜವಾದ ಖರ್ಚು ಇರುವುದೇ ಅಲ್ಲಿ. ಬೇಸರದಿಂದ ಆ ಹಾಳೆಯನ್ನು ಫೈಲಿಗೆ ಸೇರಿಸಿದೆ. ಒಟ್ಟು ಮೊತ್ತದ ಹತ್ತನೆಯ ಒಂದು ಭಾಗವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಉಳಿಸಿಕೊಂಡದ್ದು ಅದಕ್ಕಿಂತ ಗಟ್ಟಿಯಾದ ವಾರಂಟಿಯಾಯಿತು. ಆ ಹಣಕ್ಕಾಗಿ ಮೇಸ್ತ್ರಿಯವರು ಎರಡು ಸಲ ಬಂದರು, ಬಂದಾಗಲೆಲ್ಲ ಚಾವಣಿಯನ್ನೂ ನೋಡಿದರು.

ಕಳೆದ ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆಯಿಂದಲೇ ಮನೆ ತುಂಬ ನೆಂಟರಿದ್ದರು. ನರಕ ಚತುರ್ದಶಿಯ ನಸುಕಿನಲ್ಲಿ ಹನ್ನೊಂದು ಜನ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ಉಜ್ಜಿಕೊಂಡು, ಒಬ್ಬರ ಹಿಂದೊಬ್ಬರು ಆ ಬಚ್ಚಲಿನಲ್ಲೇ ಅಭ್ಯಂಜನ ಮುಗಿಸಿದರು. ಸೀಗೆಪುಡಿ ಟ್ರ್ಯಾಪಿನ ಜಾಲರಿಗೆ ಕಟ್ಟಿಕೊಂಡು ಮೂರನೆಯವರ ಹೊತ್ತಿಗೇ ನೀರು ಪಾದ ಮುಳುಗುವಷ್ಟು ನಿಂತಿತ್ತು, ಅದೂ ಒಂದು ಪರೀಕ್ಷೆಯೇ ಆಯಿತು. ಊಟದ ಕೋಣೆಯ ಚಾವಣಿಗೆ ನಾವು ಇನ್ನೂ ಹೊಸ ಬಣ್ಣ ಬಳಿಸಿಲ್ಲ. ಪೆನ್ಸಿಲ್ ಗೆರೆಯೊಳಗಿನ ಜಾಗ ಸಂಜೆಯವರೆಗೂ ಒಣಗಿಯೇ ಇತ್ತು. ಹೊರಗೋಡೆಯ ಒಂದಂಗುಲದ ಕೊಳವೆಯಿಂದ ಇವತ್ತಿನವರೆಗೆ ಒಂದು ಹನಿಯೂ ಬಿದ್ದಿಲ್ಲ. ಎಷ್ಟು ಒಣಗಿದೆಯೆಂದರೆ ಕಾರ್ತೀಕದಲ್ಲಿ ಕಣಜವೊಂದು ಅದರ ಬಾಯಿಗೆ ಮಣ್ಣಿನ ಗೂಡು ಕಟ್ಟಿ ಪೂರ್ತಿ ಮುಚ್ಚಿತ್ತು. ನೀರು ಇಳಿದಾಗ ಸುದ್ದಿ ಹೇಳಬೇಕಾದ ಬಾಯಿ ಅದು. ಗೂಡು ಖಾಲಿಯಾದ ಮೇಲೆ ತಂತಿ ಹಾಕಿ ತೆಗೆದು, ಬಾಯಿಗೆ ಸೊಳ್ಳೆಪರದೆಯ ತುಂಡೊಂದನ್ನು ಕಟ್ಟಿದ್ದೇನೆ.